ಹಳ್ಳದ ಪಾಚಿ: ಬಿಸಿಲು ಬೆಳೆಸಿದ್ದೆಷ್ಟು, ಹುಳು ಮೇಯ್ದಿದ್ದೆಷ್ಟು?

ಮಳೆ ನಿಂತು ನೀರು ತಿಳಿಯಾದ ಮೇಲೆ ಕಲಘಟಗಿ ಕಡೆಯ ಯಾವುದಾದರೂ ಹಳ್ಳಕ್ಕೆ ಇಳಿದು ನೋಡಿ. ದಟ್ಟ ಮರದ ನೆರಳಲ್ಲಿರುವ ಕಲ್ಲುಗಳ ಮೇಲೆ ಪಾಚಿ ಕಡಿಮೆ. ಅದು ಸರಿ, ಬಿಸಿಲಿಲ್ಲ. ಆದರೆ ಸ್ವಲ್ಪ ಮುಂದೆ, ಬಿಸಿಲು ಧಾರಾಳವಾಗಿ ಬೀಳುವ ಕಡೆಯಲ್ಲೂ ಎಷ್ಟೋ ಕಲ್ಲುಗಳು ಅಷ್ಟೇ ಬೋಳಾಗಿರುತ್ತವೆ. ಬಿಸಿಲಿದ್ದಲ್ಲಿ ಪಾಚಿ ಜಾಸ್ತಿ ಅಂತ ಬೋರ್ಡಿನ ಮೇಲೆ ಬರೆದು, ಆಮೇಲೆ ಮಕ್ಕಳನ್ನು ಹಳ್ಳಕ್ಕೆ ಕರೆದುಕೊಂಡು ಹೋಗುವ ನನ್ನಂಥ ಹೈಸ್ಕೂಲ್ ಟೀಚರಿಗೆ ಇದಕ್ಕೆ ಉತ್ತರ ಗೊತ್ತಿರಬೇಕು, ಅಲ್ವಾ?

ಕಲ್ಲಿನ ಮೇಲೆ ನಮಗೆ ಕಾಣುವುದು ಉಳಿದ ಪಾಚಿ ಮಾತ್ರ. ಬೆಳೆದದ್ದೆಷ್ಟು ಅನ್ನುವುದು ಅದರಿಂದ ತಿಳಿಯುವುದಿಲ್ಲ. ಬುಟ್ಟಿಯಲ್ಲಿ ಎರಡು ರೊಟ್ಟಿ ಉಳಿದಿದೆ ಅಂದರೆ ಅವ್ವ ಎರಡೇ ರೊಟ್ಟಿ ಬಡಿದಳು ಅಂತ ಅಲ್ಲ. ಉಣ್ಣುವವರು ಎಷ್ಟು ಜನ ಅನ್ನುವುದನ್ನೂ ನೋಡಬೇಕು. ಹಳ್ಳದಲ್ಲೂ ಹಾಗೆಯೇ. ಬೆಳೆಸುವುದು ಬಿಸಿಲು, ಖಾಲಿ ಮಾಡುವುದು ಮೇಯುವ ಬಾಯಿಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಎರಡನ್ನೂ ಒಟ್ಟಿಗೆ ನೋಡುವ ಒಂದು ಪ್ರಯೋಗ ಇದೆ: ಒಂದೇ ಅಳತೆಯ ಹಂಚುಗಳನ್ನು ಹಳ್ಳದಲ್ಲಿಟ್ಟು, ಅರ್ಧಕ್ಕೆ ನೆರಳು ಮಾಡಿ, ಎರಡೂ ಕಡೆ ಅರ್ಧದಷ್ಟು ಹಂಚಿಗೆ ಹುಳು ಹತ್ತದಂತೆ ತಡೆದು, ಉಳಿದ ಪಾಚಿ ಅಳೆಯುವುದು. ಖರ್ಚು ಕಡಿಮೆ, ಮೂರ್ನಾಲ್ಕು ವಾರ ಹಿಡಿಯುತ್ತದೆ. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಆರಾಮಾಗಿ ಮಾಡುತ್ತಾರೆ. ಹತ್ತನೆಯವರನ್ನು ಬಿಟ್ಟುಬಿಡಿ, ಅವರಿಗೆ ಪರೀಕ್ಷೆಯದೇ ಜ್ವರ.

ಮೊದಲು ಮೇಯುವವರ ಪರಿಚಯ

ಹಳ್ಳದಲ್ಲಿ ಮೇಯುವ ಪ್ರಾಣಿ ಅಂದ ಕೂಡಲೇ ಮಕ್ಕಳು ಎಮ್ಮೆ ಅನ್ನುತ್ತಾರೆ. ಎಮ್ಮೆ ಪಾಚಿ ಮೇಯುವುದಿಲ್ಲ. ಆದರೆ ಕೆಸರು ಕದಡುತ್ತದೆ, ಸಗಣಿ ಹಾಕುತ್ತದೆ, ದಂಡೆಯ ಎಳೆ ಸಸಿಗಳನ್ನು ದನಗಳ ಜೊತೆ ಸೇರಿ ತಿಂದು ಮುಂದಿನ ವರ್ಷಗಳ ನೆರಳನ್ನೇ ಇಲ್ಲವಾಗಿಸುತ್ತದೆ. ಅದು ಬೇರೆ ಕಥೆ. ಪಾಚಿ ಮೇಯುವವರು ಇನ್ನೂ ಸಣ್ಣವರು.

ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಬಸವನಹುಳು. ನಮ್ಮ ಕಡೆ ಉದ್ದ ಚೂಪು ಚಿಪ್ಪಿನದು, ತೆಳು ಚಿಪ್ಪಿನ ಅಗಲ ಬಾಯಿಯದು, ಚಪ್ಪಟೆ ಸುರುಳಿಯದು, ಹೀಗೆ ಬೇರೆ ಬೇರೆ ಜಾತಿ ಕಾಣುತ್ತವೆ. ಎರಡನೆಯದು ಮೇಫ್ಲೈ ಅನ್ನುವ ಹಾರುವ ಕೀಟದ ಮರಿಗಳು. ಕಲ್ಲು ಎತ್ತಿ ಮಗುಚಿ ನೋಡಿ. ಚಪ್ಪಟೆ ಮೈ, ಹಿಂದೆ ಎರಡು ಅಥವಾ ಮೂರು ಬಾಲ, ಬೆಳಕು ಬಿದ್ದ ತಕ್ಷಣ ಕಲ್ಲಿನ ಆ ಬದಿಗೆ ಜಾರಿಕೊಳ್ಳುವ ಹುಳು ಅದೇ. ಮೂರನೆಯದು ಮರಳಿನ ಕಾಳು ಅಂಟಿಸಿ ಗೂಡು ಕಟ್ಟಿಕೊಂಡು ಕಲ್ಲಿಗೆ ಅಂಟಿಕೊಂಡಿರುವ ಕ್ಯಾಡಿಸ್ ಅನ್ನುವ ಕೀಟದ ಮರಿ. ಎಲ್ಲ ಕ್ಯಾಡಿಸ್ ಪಾಚಿ ತಿನ್ನುವುದಿಲ್ಲ. ಕೆಲವು ಬಲೆ ಕಟ್ಟಿ ಹರಿದು ಬಂದದ್ದನ್ನು ತಿನ್ನುತ್ತವೆ. ಇನ್ನು ಗೊದಮೊಟ್ಟೆ. ಇದರ ಬಾಯಿಯ ಸುತ್ತ ಸಾಲುಸಾಲು ಸಣ್ಣ ಗಟ್ಟಿ ಹಲ್ಲಿರುತ್ತದೆ, ಕಲ್ಲು ಕೆರೆಯುವುದಕ್ಕೇ ಅದು. ಕೊನೆಗೆ ಮೀನು. ಗಾರ್ರಾ ಅನ್ನುವ ಜಾತಿಯ ಮೀನಿಗೆ ಗದ್ದದ ಕೆಳಗೆ ಬಿಲ್ಲೆಯಂಥ ಭಾಗ ಇರುತ್ತದೆ. ಅದರಿಂದ ಕಲ್ಲಿಗೆ ಅಂಟಿಕೊಂಡು, ಓಡುವ ನೀರಿನಲ್ಲೇ ಪಾಚಿ ಹೆರೆದು ತಿನ್ನುತ್ತದೆ.

ಬಸವನಹುಳು ಮೇಯುವುದನ್ನು ಹತ್ತಿರದಿಂದ ತೋರಿಸಬೇಕೆಂದರೆ ಒಂದು ಗಾಜಿನ ಬಾಟಲಿ ಸಾಕು. ಹಳ್ಳದ ನೀರು ತುಂಬಿ ಕಿಟಕಿಯ ಬೆಳಕಿನಲ್ಲಿ ಒಂದೆರಡು ವಾರ ಇಡಿ. ಒಳಗೋಡೆಗೆ ತೆಳುವಾಗಿ ಹಸಿರು ಹತ್ತುತ್ತದೆ. ಆಗ ಒಂದು ಹುಳು ಬಿಡಿ. ಅದು ಗಾಜನ್ನು ಏರುತ್ತಿರುವಾಗ ಹೊರಗಿನಿಂದ ಭೂತಗನ್ನಡಿ ಹಿಡಿಯಿರಿ. ಬಾಯಿ ತೆರೆಯುತ್ತದೆ, ಸಣ್ಣ ಹಲ್ಲುಗಳ ನಾಲಿಗೆ ಹೊರಗೆ ಬಂದು ಮೇಲ್ಮುಖವಾಗಿ ಒಮ್ಮೆ ಕೆರೆಯುತ್ತದೆ, ಬಾಯಿ ಮುಚ್ಚುತ್ತದೆ. ತಲೆ ಸ್ವಲ್ಪ ಎಡಕ್ಕೆ, ಮತ್ತೆ ಒಂದು ಸಲ. ಸ್ವಲ್ಪ ಬಲಕ್ಕೆ, ಮತ್ತೊಂದು. ಹುಳು ಹೋದ ಮೇಲೆ ಗಾಜಿನ ಮೇಲೆ ಅಂಕುಡೊಂಕಾದ ತಿಳಿ ದಾರಿ ಉಳಿದಿರುತ್ತದೆ. ಇದನ್ನು ಒಮ್ಮೆ ಕಂಡ ಮಕ್ಕಳು ಆಮೇಲೆ ಹಳ್ಳದ ಕಲ್ಲಿನ ಮೇಲೂ ಅದೇ ಗುರುತು ಹುಡುಕುತ್ತಾರೆ. ಸಿಗುತ್ತದೆ ಕೂಡ.

ಯಾವಾಗ, ಎಲ್ಲಿ

ಮಳೆಗಾಲ ಬೇಡವೇ ಬೇಡ. ಪ್ರವಾಹ ಬಂದರೆ ಕಲ್ಲುಗಳು ಉರುಳಿ ಪಾಚಿಯೂ ಹೋಗುತ್ತದೆ, ಹುಳುಗಳೂ ಹೋಗುತ್ತವೆ, ನಿಮ್ಮ ಹಂಚೂ ಹೋಗುತ್ತದೆ. ದೀಪಾವಳಿ ಕಳೆದು ಹಿಂಗಾರಿ ಮಳೆಯ ಕಾಟ ನಿಂತ ಮೇಲೆ ಶುರು ಮಾಡಿ. ಎಳ್ಳಮಾವಾಸ್ಯೆ ಹೊತ್ತಿಗೆ ಮುಗಿಸಿದರೆ ಚಂದ. ಫೆಬ್ರವರಿ ದಾಟಿದರೆ ನಮ್ಮ ಎಷ್ಟೋ ಹಳ್ಳಗಳಲ್ಲಿ ಹರಿವೇ ಇರುವುದಿಲ್ಲ.

ಜಾಗದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಕಲಘಟಗಿ, ಅಳ್ನಾವರ, ಇತ್ತ ಹಾನಗಲ್ಲಿನ ಅರೆಮಲೆನಾಡು ಭಾಗ, ಇಲ್ಲಿಯ ಕಲ್ಲುತಳದ ತಿಳಿನೀರಿನ ಹಳ್ಳಗಳು ಇದಕ್ಕೆ ಹೇಳಿ ಮಾಡಿಸಿದ್ದು. ನವಲಗುಂದ, ರೋಣದ ಕಡೆಯವರು ಬೆಣ್ಣೆಹಳ್ಳದಲ್ಲಿ ಮಾಡುತ್ತೇವೆ ಅಂದರೆ ಬೇರೆ ಲೆಕ್ಕ ಹಾಕಬೇಕು. ಅದು ಎರೆಭೂಮಿಯ ಹಳ್ಳ. ಮಣ್ಣು ಕದಡಿದ ನೀರೇ ಅಲ್ಲಿ ನೆರಳು. ಮರ ಒಂದೂ ಇಲ್ಲದಿದ್ದರೂ ತಳಕ್ಕೆ ಬೆಳಕು ಮುಟ್ಟದೆ ಇರಬಹುದು. ಪರೀಕ್ಷೆ ಸುಲಭ: ಒಂದು ಬಿಳಿ ಪ್ಲೇಟನ್ನು ದಾರಕ್ಕೆ ಕಟ್ಟಿ ನೀರಲ್ಲಿ ಇಳಿಸಿ. ಮೊಣಕಾಲುದ್ದದೊಳಗೇ ಅದು ಮಾಯವಾದರೆ ಆ ಜಾಗ ಬಿಡಿ.

ಊರಿನ ಗಟಾರ ಸೇರುವ ಕಡೆಯೂ ಬೇಡ. ಶಾಲ್ಮಲಾ ನದಿ ಹುಟ್ಟುವುದು ಧಾರವಾಡದ ಸೋಮೇಶ್ವರದ ಹತ್ತಿರವೇ, ಆದರೆ ಊರ ಮಗ್ಗುಲಿನ ನೀರಿನಲ್ಲಿ ಕೊಳಚೆಯ ಪೋಷಕಾಂಶವೇ ಆಟ ಆಡಿಸುತ್ತದೆ, ಬಿಸಿಲು ಮತ್ತು ಬಾಯಿಗಳ ಲೆಕ್ಕ ಅದರಲ್ಲಿ ಮುಳುಗಿಹೋಗುತ್ತದೆ. ಆರೋಗ್ಯದ ದೃಷ್ಟಿಯಿಂದಲೂ ಬೇಡ. ಎಲ್ಲೇ ಇಳಿಯಿರಿ, ಕಾಲಿಗೆ ಗಾಯ ಇರುವ ಮಕ್ಕಳನ್ನು ದಂಡೆಯಲ್ಲೇ ಕೂರಿಸಿ. ಇಲಿಜ್ವರ ನೀರಿನಿಂದ, ಗಾಯದ ಮೂಲಕ ಬರುವ ರೋಗ. ಗಂಬೂಟು ಇದ್ದರೆ ಒಳ್ಳೆಯದು. ದನ ನಿಲ್ಲುವ ಮಡುವಿನಲ್ಲಿ ಚಪ್ಪಟೆ ಸುರುಳಿಯ ಬಸವನಹುಳು ಜಾಸ್ತಿ ಇದ್ದರೆ ಅಲ್ಲೂ ಬರಿಗಾಲಲ್ಲಿ ನಿಲ್ಲಬೇಡಿ. ಅದರಿಂದ ಹೊರಬರುವ ಒಂದು ಪರೋಪಜೀವಿಯ ಮರಿ ಚರ್ಮ ಹೊಕ್ಕರೆ ವಿಪರೀತ ತುರಿಕೆ.

ನೀರು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಮೊಣಕಾಲಿಗಿಂತ ಕಡಿಮೆ ಇರಲಿ. ಹರಿವು ಒಂದೇ ಸಮ ಇರಲಿ. ಒಂದು ಎಲೆ ಬಿಟ್ಟು, ಅದು ಎರಡು ಮೀಟರ್ ಹೋಗಲು ಎಷ್ಟು ಸೆಕೆಂಡ್ ಹಿಡಿಯಿತು ಅಂತ ನೋಡಿದರೆ ಸಾಕು.

ಹಂಚು, ಪೈಪು, ವ್ಯಾಸಲೀನ್

ಕಲ್ಲುಗಳು ಒಂದರಂತೆ ಒಂದಿರುವುದಿಲ್ಲ. ಅದಕ್ಕೆ ಹಂಚು. ಮೆರುಗು ಇಲ್ಲದ ಮಣ್ಣಿನ ಬಿಲ್ಲೆ ಬೇಕು, 10 ಸೆಂಟಿಮೀಟರ್ ಉದ್ದ ಅಗಲ. ಸಿಗದಿದ್ದರೆ ಗೋಡೆಗೆ ಹಚ್ಚುವ ಟೈಲ್ಸನ್ನೇ ಕತ್ತರಿಸಿ ಬೋರಲು ಹಾಕಿ, ಒರಟು ಬೆನ್ನು ಮೇಲೆ ಬರಲಿ. ಹದಿನಾರು ತುಂಡು ಮಾಡಿ. ಒಂದು ರಾತ್ರಿ ನೀರಲ್ಲಿ ನೆನೆಸಿ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ. ಅಂಟಿಸಲು ಬಳಸುವ ಎಂ-ಸೀಲ್ ಹಸಿ ಹಂಚಿಗೆ ಸರಿಯಾಗಿ ಹಿಡಿಯುವುದಿಲ್ಲ.

ಪ್ರತಿ ಹಂಚಿಗೂ ಒಂದು ಕಾಲು ಬೇಕು. ಪ್ಲಂಬರ್ ಬಿಸಾಡಿದ ಒಂದಿಂಚಿನ ಪಿವಿಸಿ ಪೈಪಿನ ಗೇಣುದ್ದ ತುಂಡು, ಕೆಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಮೆಂಟು ಹಾಕಿ ನಿಲ್ಲಿಸಿದ್ದು, ಮೇಲೆ ಎಂ-ಸೀಲ್‌ನಿಂದ ಹಂಚು. ಹದಿನಾರೂ ಒಂದೇ ಎತ್ತರ ಇರಬೇಕು. ಇದರಲ್ಲಿ ರಾಜಿ ಇಲ್ಲ. ನೀರಿನ ಮೇಲ್ಮೈಗೆ ಹತ್ತಿರ ಇರುವ ಹಂಚಿಗೆ ಬೆಳಕೂ ಜಾಸ್ತಿ, ಹರಿವೂ ಜಾಸ್ತಿ.

ಇನ್ನು ಪೈಪು ಒಣಗಿರುವಾಗಲೇ ಎಂಟು ಕಾಲುಗಳಿಗೆ ಮೂರು ಬೆರಳು ಅಗಲದ ಪಟ್ಟಿಯಾಗಿ ವ್ಯಾಸಲೀನ್ ಹಚ್ಚಿ. ತೆಳುವಾಗಿ ಸವರಿದರೆ ಆಗುವುದಿಲ್ಲ, ದಪ್ಪಗೆ ಇರಲಿ. ಬಸವನಹುಳು, ಕ್ಯಾಡಿಸ್ ಮರಿ ತೆವಳಿಕೊಂಡು ಬರುವಂಥವು. ಆ ಪಟ್ಟಿ ದಾಟುವುದಿಲ್ಲ. ಉಳಿದ ಎಂಟಕ್ಕೆ ವ್ಯಾಸಲೀನ್ ಇಲ್ಲ. ಬದಲಿಗೆ ಆ ಕಾಲಿಗೆ ಒರಗಿಸಿ ಒಂದೆರಡು ಕಲ್ಲು ಪೇರಿಸಿ, ಹುಳು ಹತ್ತಿ ಬರಲಿ. ಹಂಚಿನ ಮೇಲೆ ಮಾತ್ರ ವ್ಯಾಸಲೀನ್ ತಾಗಕೂಡದು. ಮಕ್ಕಳ ಕೈ ಹೇಗೂ ಜಿಡ್ಡಾಗಿರುತ್ತದೆ, ಹಚ್ಚುವವರು ಬೇರೆ, ಹಂಚು ಹಿಡಿಯುವವರು ಬೇರೆ ಅಂತ ಮೊದಲೇ ಹಂಚಿಬಿಡಿ.

ಈಜಿ ಬರುವವರನ್ನು ಇದು ತಡೆಯುವುದಿಲ್ಲ. ಗೊದಮೊಟ್ಟೆ, ಮೀನು, ಈಜುವ ಮೇಫ್ಲೈ ಮರಿ ಎಲ್ಲ ಬರುತ್ತವೆ. ಅವನ್ನೂ ತಡೆಯಬೇಕೆಂದು ಸೊಳ್ಳೆಪರದೆಯ ಪಂಜರ ಕಟ್ಟುವವರಿದ್ದಾರೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಪರದೆ ತಾನೇ ನೆರಳು ಮಾಡುತ್ತದೆ, ಹರಿವು ತಗ್ಗಿಸುತ್ತದೆ, ಕೆಸರು ಹಿಡಿಯುತ್ತದೆ. ಮಾಡಲೇಬೇಕೆಂದರೆ ಪಕ್ಕದಲ್ಲಿ ಎರಡು ಬದಿ ತೆರೆದ ಇನ್ನೊಂದು ಪಂಜರ ಇಡಿ. ಆಗ ಪರದೆಯ ಪರಿಣಾಮ ಎಷ್ಟು, ಮೀನಿನದೆಷ್ಟು ಅನ್ನುವುದು ಬೇರೆಯಾಗುತ್ತದೆ.

ನೆರಳು ಮಾಡುವುದು

ಮರದ ನೆರಳಿನ ಜಾಗ, ಬಿಸಿಲಿನ ಜಾಗ ಅಂತ ಎರಡು ಕಡೆ ಇಟ್ಟರೂ ನಡೆಯುತ್ತದೆ. ಆದರೆ ಮರದ ಕೆಳಗೆ ಎಲೆ ಉದುರುತ್ತದೆ, ನೀರು ಸ್ವಲ್ಪ ತಂಪಿರುತ್ತದೆ, ತಳವೂ ಬೇರೆ ಇರಬಹುದು. ಬಿಸಿಲಿನ ಜಾಗದಲ್ಲೇ ಅರ್ಧಕ್ಕೆ ನೆರಳು ಮಾಡುವುದು ಮೇಲು. ನರ್ಸರಿಗೆ ಕಟ್ಟುವ ಹಸಿರು ಶೇಡ್‌ನೆಟ್ ಕೃಷಿ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ನಾಲ್ಕು ಕೋಲು ನೆಟ್ಟು ನೀರಿನ ಮೇಲೆ ಚಪ್ಪರ ಹಾಕಿ. ಸೂರ್ಯ ಓರೆಯಾಗಿರುವ ಕಾಲ ಇದು, ದಕ್ಷಿಣದ ಬದಿಗೂ ನೆಟ್ ಇಳಿಬಿಡಬೇಕು.

ಅಂಗಡಿಯವರು 50 ಪರ್ಸೆಂಟಿನ ನೆಟ್ ಕೊಡುತ್ತಾರೆ. ತೆಗೆದುಕೊಳ್ಳಬೇಡಿ. ಪಾಚಿಗೆ ಬೆಳಕು ಒಂದು ಮಟ್ಟದವರೆಗೆ ಮಾತ್ರ ಬೇಕು. ಅದಾದ ಮೇಲೆ ಎಷ್ಟು ಬಿಸಿಲು ಸುರಿದರೂ ಬೆಳವಣಿಗೆ ಹೆಚ್ಚುವುದಿಲ್ಲ. ನಮ್ಮ ಚಳಿಗಾಲದ ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಕಳೆದರೂ ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಉಳಿಯುತ್ತದೆ. 75ರ ನೆಟ್ ತಂದು ಎರಡು ಪದರ ಹಾಕಿ. ಒಂದು ಪದರ ಕಾಲು ಭಾಗ ಬಿಡುತ್ತದೆ, ಎರಡನೆಯದು ಅದರಲ್ಲಿ ಕಾಲು. ಉಳಿಯುವುದು ಸುಮಾರು 6 ಪರ್ಸೆಂಟ್. ದಟ್ಟ ಮರದ ನೆರಳಿನ ಲೆಕ್ಕಕ್ಕೆ ಅದು ಹತ್ತಿರ.

ಬೆಳಕು ಅಳೆಯಲು ಮೊಬೈಲಿನ ಲಕ್ಸ್ ಆಪ್ ನಡೆಯುತ್ತದೆ (ಲಕ್ಸ್ ಅಂದರೆ ಬೆಳಕಿನ ಅಳತೆ). ಬಟಾಬಯಲಿನ ಮಧ್ಯಾಹ್ನದಲ್ಲಿ ಲಕ್ಷ ಲಕ್ಸ್ ಆಸುಪಾಸು ಬರಬೇಕು. ಕೆಲವು ಫೋನು ಅಷ್ಟು ತೋರಿಸುವುದಿಲ್ಲ. ಹಾಗಾಗಿ ಬೆಳಿಗ್ಗೆ ಒಂಬತ್ತು, ಹನ್ನೆರಡು, ಮೂರು ಗಂಟೆಗೆ ನೆಟ್ಟಿನ ಕೆಳಗೆ ಮತ್ತು ಹೊರಗೆ ಅಳೆದು ಎರಡರ ಅನುಪಾತ ಬರೆದುಕೊಳ್ಳಿ. ಅದೇ ಮುಖ್ಯ.

ಈಗ ಇಡುವುದು. ನೆಟ್ಟಿನ ಕೆಳಗೆ ಎಂಟು ಹಂಚು, ನಾಲ್ಕಕ್ಕೆ ವ್ಯಾಸಲೀನ್. ಹೊರಗೆ ಎಂಟು, ನಾಲ್ಕಕ್ಕೆ ವ್ಯಾಸಲೀನ್. ಅಡ್ಡಾದಿಡ್ಡಿ ಬೆರೆಸಿ ಇಡಿ. ಒಂದೇ ಥರದವನ್ನು ಒಂದೇ ಕಡೆ ಸಾಲಾಗಿ ಇಡಬೇಡಿ. ಹಂಚಿನ ಕೆಳಗೆ ಪರ್ಮನೆಂಟ್ ಮಾರ್ಕರಿನಿಂದ ನಂಬರ್ ಬರೆಯಿರಿ. ಪಕ್ಕದ ಹೊಲದವರಿಗೆ ಹೇಳಿ ಇಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ನೆಟ್ ಯಾರದೋ ಬಣವೆ ಮೇಲೆ ಇರುತ್ತದೆ. ನಮ್ಮ ಹಳ್ಳದ ದಂಡೆಯ ಅಜ್ಜ ಒಬ್ಬರು ಕೇಳಿದ್ದರು: "ಅಕ್ಕೋರ, ನೀರಾಗ ಹಂಚ ಹಾಕಾಕತ್ತೀರಿ, ಗ್ವಾಡಿ ಯಾವಾಗ ಕಟ್ಟೋರು?" ಅದಾದ ಮೇಲೆ ನಮ್ಮ ಸಾಮಾನಿಗೆ ಅವರೇ ಕಾವಲು.

ಕಾಯುವ ವಾರಗಳು

ಮೂರು ದಿನಕ್ಕೊಮ್ಮೆ ಹೋಗಿ ಸಿಕ್ಕ ಎಲೆ, ಕಸ ತೆಗೆಯಿರಿ. ವ್ಯಾಸಲೀನ್ ಪಟ್ಟಿಯ ಮೇಲೆ ಕೆಸರು ಕೂತರೆ ಹುಳುವಿಗೆ ಸೇತುವೆ ಆಗುತ್ತದೆ. ಅಂಥ ಕಾಲನ್ನು ಹೊರಗೆತ್ತಿ ಒರೆಸಿ, ಹೊಸದು ಹಚ್ಚಿ. ಹೋದಾಗಲೆಲ್ಲ ಪ್ರತಿ ಹಂಚಿನ ಮೇಲೆ ಎಷ್ಟು ಹುಳು ಇವೆ ಅಂತ ಎತ್ತದೆಯೇ ಎಣಿಸಿ. ಒಮ್ಮೆಯಾದರೂ ಮುಸ್ಸಂಜೆ ಟಾರ್ಚ್ ಹಿಡಿದು ಹೋಗಿ. ಅದು ದೊಡ್ಡವರ ಕೆಲಸ. ಹಗಲು ಮೀನಿಗೆ ಹೆದರಿ ಕಲ್ಲಡಿ ಅವಿತ ಮೇಫ್ಲೈ ಮರಿಗಳು ಕತ್ತಲಾದ ಮೇಲೆ ಮೇಲಕ್ಕೆ ಬಂದು ಮೇಯುತ್ತವೆ. ಹಗಲಿನ ಎಣಿಕೆಯನ್ನಷ್ಟೇ ನಂಬಿದರೆ ಅವು ಲೆಕ್ಕಕ್ಕೇ ಬರುವುದಿಲ್ಲ.

ಮೊದಲು ಬರುವುದು ಕಂದು ಬಣ್ಣದ ಜಾರು ಪದರ. ಅದು ಡಯಾಟಮ್ ಅನ್ನುವ ಒಂದೇ ಕೋಶದ ಪಾಚಿ. ಕಂದು ಇದೆ ಅಂತ ಮಣ್ಣು ಅಂದುಕೊಳ್ಳಬೇಡಿ, ಬೆರಳಿನಿಂದ ಉಜ್ಜಿದರೆ ಲೋಳೆ ಸಿಗುತ್ತದೆ. ಎರಡು ಮೂರನೇ ವಾರಕ್ಕೆ, ಬಿಸಿಲಿನ ಕಾವಲು ಹಂಚಿನ (ಕಾಲಿಗೆ ವ್ಯಾಸಲೀನ್ ಹಚ್ಚಿದ್ದರ) ಮೇಲೆ ಹಸಿರು ಎಳೆಗಳು ಏಳಬಹುದು. ನುಣುಪಾಗಿ ಬೆರಳಿನಿಂದ ಜಾರಿದರೆ ಸ್ಪೈರೋಗೈರಾ ಇರಬಹುದು. ಒರಟಾಗಿ, ಕವಲೊಡೆದಿದ್ದರೆ ಕ್ಲಾಡೋಫೋರಾ.

ನಾಲ್ಕು ವಾರಕ್ಕಿಂತ ಜಾಸ್ತಿ ಬಿಡಬೇಡಿ. ಕಾವಲಿನ ಹಂಚಿನ ಮೇಲೆ ಪಾಚಿ ದಪ್ಪವಾದಷ್ಟೂ ಅದರ ಅಡಿಯ ಪದರಕ್ಕೆ ಬೆಳಕು ಸಿಗದೆ ಸಾಯತೊಡಗುತ್ತದೆ. ಮಧ್ಯಾಹ್ನ ಆಮ್ಲಜನಕದ ಗುಳ್ಳೆಗಳು ಎಳೆಗಳ ನಡುವೆ ಸಿಕ್ಕಿಕೊಂಡು ಇಡೀ ಚಾಪೆಯನ್ನೇ ಮೇಲಕ್ಕೆ ಎಳೆಯುತ್ತವೆ. ಒಂದು ದಿನ ಅದು ಕಿತ್ತುಕೊಂಡು ಹೋಗುತ್ತದೆ. ಆಗ ಯಾರೂ ಮೇಯದ ಹಂಚೇ ಎಲ್ಲಕ್ಕಿಂತ ಬೋಳಾಗಿ ಕಾಣುತ್ತದೆ!

ಎತ್ತಿ ಅಳೆಯುವುದು

ಹಂಚಿನ ಕೆಳಗೆ ಚಹಾ ಸೋಸುವ ಜರಡಿ ಹಿಡಿದು ಮೆಲ್ಲಗೆ ಎತ್ತಿ. ಹುಳುಗಳನ್ನು ಬಿಳಿ ತಟ್ಟೆಗೆ ಹಾಕಿ ಎಣಿಸಿ, ಬಸವನಹುಳುವಿನ ಉದ್ದ ಸ್ಕೇಲಿನಿಂದ ಬರೆದುಕೊಂಡು ಅಲ್ಲೇ ನೀರಿಗೆ ಬಿಡಿ. ಮೇಲ್ಮೈಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, 100 ಮಿಲಿಲೀಟರ್ ನೀರಿನಲ್ಲೇ ತೊಳೆದು ಬಾಟಲಿಗೆ ತುಂಬಿ. ಪ್ರತಿ ಹಂಚಿಗೂ ಅಷ್ಟೇ ನೀರು. ಹದಿನಾರು ಬಾಟಲಿ ಬಿಳಿ ಹಾಳೆಯ ಮುಂದೆ ಸಾಲಾಗಿ ಇಟ್ಟರೆ ಅರ್ಧ ಉತ್ತರ ಅಲ್ಲೇ ಕಾಣುತ್ತದೆ.

ಪೂರ್ತಿ ಉತ್ತರಕ್ಕೆ ತೂಕ ಬೇಕು. ಸುಮ್ನೆ ಒಣಗಿಸಿ ತೂಗಿದರೆ ಹೂಳಿನ ತೂಕವೂ ಸೇರುತ್ತದೆ, ನಮ್ಮ ಮಣ್ಣಿನಲ್ಲಿ ಅದೇನು ಕಡಿಮೆ ಇರುವುದಿಲ್ಲ. ಅದಕ್ಕೆ ಒಣಗಿಸಿ ತೂಗಿ, ಆಮೇಲೆ 500 ಡಿಗ್ರಿಯಲ್ಲಿ ಸುಟ್ಟು ಬೂದಿಯನ್ನು ತೂಗಿ ಕಳೆಯುತ್ತಾರೆ. ಸುಟ್ಟುಹೋದದ್ದು ಜೀವದ ಭಾಗ. ಆ ಫರ್ನೇಸ್ ಕಾಲೇಜಿನಲ್ಲಿ ಸಿಗುತ್ತದೆ. ಧಾರವಾಡದಲ್ಲಿ ಕಾಲೇಜಿಗೇನು ಬರ, ಕೇಳಿದರೆ ಕೊಡುತ್ತಾರೆ. ಸ್ಪಿರಿಟ್ಟಿನಲ್ಲಿ ನೆನೆಸಿ ಹಸಿರು ಬಣ್ಣ ಇಳಿಸಿ ಹರಿತ್ತನ್ನು (ಕ್ಲೋರೋಫಿಲ್) ಅಳೆಯುವ ದಾರಿಯೂ ಇದೆ. ಆದರೆ ಒಂದು ಎಚ್ಚರ. ನೆರಳಿನ ಪಾಚಿ ಇದ್ದಷ್ಟು ಬೆಳಕನ್ನು ಹಿಡಿಯಲು ಒಂದೊಂದು ಕೋಶದಲ್ಲೂ ಜಾಸ್ತಿ ಹರಿತ್ತು ತುಂಬಿಕೊಳ್ಳುತ್ತದೆ. ಬರೀ ಹಸಿರು ನೋಡಿದರೆ ನೆರಳಲ್ಲಿ ಪಾಚಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಸೂಕ್ಷ್ಮದರ್ಶಕ ಇದ್ದರೆ ಒಂದು ಹನಿ ನೋಡಲೇಬೇಕು. ಮೇಯ್ದ ಹಂಚಿನಲ್ಲಿ ತಳಕ್ಕೆ ಅಂಟಿ ಮಲಗಿರುವ ಚಪ್ಪಟೆ ಡಯಾಟಮ್‌ಗಳು ಹೆಚ್ಚಾಗಿ ಉಳಿದಿರುತ್ತವೆ. ಎದ್ದು ನಿಂತವು, ಎಳೆ ಬಿಟ್ಟವು ಬಾಯಿಗೆ ಮೊದಲು ಸಿಗುತ್ತವೆ.

ಓದಿಕೊಳ್ಳುವುದು

ಹೆಚ್ಚಾಗಿ ಹೀಗೆ ಬರುತ್ತದೆ: ಬಿಸಿಲಿನಲ್ಲಿ ಕಾವಲು ಇದ್ದದ್ದು ದಪ್ಪ, ಕಾವಲಿಲ್ಲದ್ದು ತೆಳು, ನೆರಳಿನ ಎರಡೂ ತೆಳು. ಅಂದರೆ ನೆರಳಲ್ಲಿ ಬೆಳವಣಿಗೆಯೇ ಕಡಿಮೆ, ಬಿಸಿಲಲ್ಲಿ ಬೆಳೆದದ್ದು ಹೊಟ್ಟೆಗೆ ಹೋಯಿತು. ಆಗ ಹುಳುಗಳ ಪಟ್ಟಿ ತೆಗೆಯಿರಿ. ಬಿಸಿಲಿನ ಕಡೆ ಬಸವನಹುಳು ಜಾಸ್ತಿ ಇವೆಯಾ, ದೊಡ್ಡವಿವೆಯಾ? ಬಿಸಿಲಿನ ಲಾಭ ಪಾಚಿಯಲ್ಲಿ ಕಾಣದೆ ಮೇಯುವವರ ಮೈಯಲ್ಲಿ ಕಾಣಬಹುದು. ಪನಾಮಾ ದೇಶದ ಒಂದು ಹೊಳೆಯಲ್ಲಿ ಮೇರಿ ಪವರ್ ಎಂಬ ವಿಜ್ಞಾನಿ ಇದನ್ನೇ ಮೀನುಗಳಲ್ಲಿ ಕಂಡರು. ಬಿಸಿಲಿನ ಮಡುಗಳಲ್ಲಿ ಪಾಚಿ ವೇಗವಾಗಿ ಬೆಳೆಯುತ್ತಿತ್ತು, ಪಾಚಿ ಮೇಯುವ ಕ್ಯಾಟ್‌ಫಿಶ್‌ಗಳೂ ಅದಕ್ಕೆ ತಕ್ಕಂತೆ ಅಲ್ಲೇ ಹೆಚ್ಚು ಸೇರಿದ್ದವು. ಹೀಗಾಗಿ ಕಲ್ಲಿನ ಮೇಲೆ ಉಳಿದ ಪಾಚಿ ಬಿಸಿಲು ನೆರಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಈ ಸಂಶೋಧನೆ 1984ರಲ್ಲಿ ಪ್ರಕಟವಾಯಿತು.

ಬಿಸಿಲಿನಲ್ಲಿ ಕಾವಲಿಲ್ಲದ ಹಂಚೂ ದಪ್ಪವಾದರೆ? ಬಾಯಿಗಳು ಕಡಿಮೆ ಇವೆ ಅಂತ. ಪ್ರವಾಹ ಬಂದು ಹೋದ ಹೊಸದರಲ್ಲಿ ಇದು ಸಾಮಾನ್ಯ. ಪಾಚಿ ಬೇಗ ಚೇತರಿಸಿಕೊಳ್ಳುತ್ತದೆ, ಬಸವನಹುಳು ನಿಧಾನ. ಅಷ್ಟರಲ್ಲಿ ಎಳೆಗಳು ಉದ್ದ ಬೆಳೆದುಬಿಟ್ಟರೆ ಆಮೇಲೆ ಸಣ್ಣ ಬಾಯಿಗಳಿಗೆ ಅವು ನಿಲುಕುವುದಿಲ್ಲ. ಬಿಸಿಲಿನಲ್ಲಿ ಕಾವಲಿದ್ದದ್ದೂ ತೆಳುವಾಗಿಯೇ ಇದ್ದರೆ ಮೊದಲು ವ್ಯಾಸಲೀನ್ ಪಟ್ಟಿ ನೋಡಿ, ಆಮೇಲೆ ಗೊದಮೊಟ್ಟೆ ಮೀನುಗಳ ಎಣಿಕೆ ನೋಡಿ. ಎರಡೂ ಸರಿಯಿದ್ದರೆ ನೀರಿನಲ್ಲಿ ರಂಜಕ, ಸಾರಜನಕ ಸಾಲದೆ ಇರಬಹುದು.

ಒಂದು ತಪ್ಪು ತಿಳಿವಳಿಕೆ ಮಾತ್ರ ಮಕ್ಕಳಲ್ಲಿ ಉಳಿಯಬಾರದು: ಮೇಯ್ದ ಕಲ್ಲು ಬಡವಾದ ಕಲ್ಲು ಅನ್ನುವುದು. ಹದವಾಗಿ ಮೇಯುವ ಹುಳು ಸತ್ತ ಪದರ, ಹೂಳು ಎರಡನ್ನೂ ತೆಗೆಯುತ್ತದೆ, ತನ್ನ ಹಿಕ್ಕೆಯಿಂದ ಗೊಬ್ಬರವನ್ನೂ ಕೊಡುತ್ತದೆ. ಉಳಿದ ತೆಳು ಪದರದ ಒಂದೊಂದು ಕೋಶವೂ ದಪ್ಪ ಚಾಪೆಯ ಕೋಶಕ್ಕಿಂತ ಚುರುಕಾಗಿ ಬೆಳೆಯಬಲ್ಲದು.

ಕೆಲಸ ಮುಗಿದ ದಿನವೇ ಕೋಲು, ನೆಟ್, ಹದಿನಾರು ಕಾಲು ಎಲ್ಲ ಎಣಿಸಿ ಹೊರಗೆ ತನ್ನಿ. ವ್ಯಾಸಲೀನನ್ನು ಹಳ್ಳದಲ್ಲಿ ತೊಳೆಯಬೇಡಿ, ಹಳೆ ಬಟ್ಟೆಯಲ್ಲಿ ಒರೆಸಿ ಶಾಲೆಗೆ ಒಯ್ಯಿರಿ. ಬಾಟಲಿಯಲ್ಲಿ ಸಾಕಿದ ಬಸವನಹುಳುವನ್ನು ಹಿಡಿದು ತಂದ ಹಳ್ಳಕ್ಕೇ ಬಿಡಿ, ಬೇರೆ ಕೆರೆಗೆ ಬೇಡ. ಹಂಚು ಉಜ್ಜಿ ಒಣಗಿಸಿಟ್ಟರೆ ಬರುವ ವರ್ಷಕ್ಕೂ ಬರುತ್ತವೆ.